ತಪ್ಪು ಮನುಷ್ಯ ಎಂಬ ಮಾತು: ‘ಮೊಸ್ಯೂ ಕ್ಲೈನ್’ ಚಿತ್ರದ ನೋಡುಗರ ಒಂದು ಪ್ರಕರಣ ಅಧ್ಯಯನ

ಜೋಸೆಫ್ ಲೋಸಿ ಅವರು ನಿರ್ದೇಶಿಸಿ 1976ರಲ್ಲಿ ತೆರೆಗೆ ಬಂದ ‘ಮೊಸ್ಯೂ ಕ್ಲೈನ್’ ಎಂಬ ಫ್ರೆಂಚ್ ಚಿತ್ರವನ್ನು ನಾನು ಬೇರೆ ಬೇರೆ ಸಂದರ್ಭಗಳಲ್ಲಿ, ಬೇರೆ ಬೇರೆಯವರ ಜೊತೆ ಕೂತು ನಾಲ್ಕು ಸಲ ನೋಡಿದ್ದೇನೆ. ಚಿತ್ರ ಮುಗಿದು ದೀಪ ಹತ್ತಿದ ಮೇಲೆ ನೋಡಿದವರ ಬಾಯಿಂದ ಮೊದಲು ಬರುವ ಮಾತು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಆಗಿತ್ತು: ‘ಪಾಪ, ತಪ್ಪು ಮನುಷ್ಯ ಸಿಕ್ಕಿಹಾಕಿಕೊಂಡ.’ ಈ ಬರಹದಲ್ಲಿ ನಾನು ಪರಿಶೀಲಿಸಹೊರಟಿರುವುದು ಆ ಒಂದು ಮಾತನ್ನು. ಅದನ್ನು ಆಡಿದವರು ಮೃದು ಮನಸ್ಸಿನವರು, ಚಿತ್ರವನ್ನು ಗಮನವಿಟ್ಟು ನೋಡಿದವರು. ಹಾಗಿದ್ದೂ ಆ ಮಾತಿನೊಳಗೆ ನಾವು ಯಾರೂ ಒಪ್ಪಬಾರದ ಸಂಗತಿಯೊಂದು ಸದ್ದಿಲ್ಲದೆ ಸೇರಿಕೊಂಡಿದೆ ಎಂಬುದು ನನಗೆ ಮೂರನೆಯ ಸಲ ನೋಡಿದಾಗ ಹೊಳೆಯಿತು, ಆಮೇಲೆ ಅದನ್ನು ಮರೆಯಲು ಆಗಲಿಲ್ಲ.

ಮೊದಲು ಪ್ರಕರಣದ ವಿವರ. ಕಾಲ 1942ರ ಜನವರಿ, ಊರು ಜರ್ಮನ್ ಸೇನೆಯ ವಶದಲ್ಲಿರುವ ಪ್ಯಾರಿಸ್. ರೊಬೇರ್ ಕ್ಲೈನ್ ಎಂಬ ಕಲಾಕೃತಿಗಳ ವ್ಯಾಪಾರಿಗೆ ಒಳ್ಳೆಯ ಬೀದಿಯಲ್ಲಿ ದೊಡ್ಡ ಮನೆ, ರೇಷ್ಮೆಯ ನಿಲುವಂಗಿ, ಯಾವುದಕ್ಕೂ ಅವಸರವಿಲ್ಲದ ಬದುಕು ಇದೆ. ದೇಶ ಬಿಟ್ಟು ಹೋಗಲು ಹಣ ಹೊಂದಿಸಿಕೊಳ್ಳುತ್ತಿರುವ ಯಹೂದಿಗಳು ತಮ್ಮ ಮನೆಯ ಗೋಡೆಯ ಮೇಲಿದ್ದ ಚಿತ್ರಗಳನ್ನು ತಂದು ಅವನ ಮುಂದೆ ಇಡುತ್ತಾರೆ, ಅವನು ಅವರ ಗರಜನ್ನು ಅಳೆದು ಬೆಲೆ ಕಟ್ಟುತ್ತಾನೆ. ಹಾಗೆ ಬಂದವನೊಬ್ಬ ಹದಿನೇಳನೆಯ ಶತಮಾನದ ಡಚ್ ಕಲಾವಿದ ಆದ್ರಿಯಾನ್ ಫಾನ್ ಓಸ್ಟಾಡೆಯ ಒಂದು ಚಿತ್ರವನ್ನು ಮಾರುತ್ತಾನೆ. ಕೇಳಿದ ಬೆಲೆಯ ಅರ್ಧಕ್ಕೆ ವ್ಯವಹಾರ ಮುಗಿಯುತ್ತದೆ. ಅವನನ್ನು ಬಾಗಿಲವರೆಗೆ ಬೀಳ್ಕೊಡಲು ಹೋದಾಗ ಹೊಸ್ತಿಲ ಬಳಿ ಒಂದು ಪತ್ರಿಕೆ ಬಿದ್ದಿರುತ್ತದೆ. ಅದು ಯಹೂದಿ ಚಂದಾದಾರರಿಗೆ ಮಾತ್ರ ಹೋಗುವ ಪತ್ರಿಕೆ, ಮೇಲೆ ವಿಳಾಸದ ಚೀಟಿಯಲ್ಲಿ ಸ್ಪಷ್ಟವಾಗಿ ‘ರೊಬೇರ್ ಕ್ಲೈನ್’ ಎಂದಿದೆ.

ಅದೇ ಹೆಸರಿನ ಇನ್ನೊಬ್ಬ ಎಲ್ಲೋ ಇದ್ದಾನೆ, ಅಂಚೆ ಅದಲುಬದಲಾಗಿದೆ ಎಂದುಕೊಂಡ ಕ್ಲೈನ್ ಆ ಪತ್ರಿಕೆಯ ಕಚೇರಿಗೆ ಹೋಗುತ್ತಾನೆ, ಅಲ್ಲಿಂದ ಪ್ಯಾರಿಸ್ ಪೊಲೀಸರ ಮುಖ್ಯ ಕಚೇರಿಯಾದ ಪ್ರಿಫೆಕ್ಚರ್‌ಗೆ ಹೋಗುತ್ತಾನೆ. ತಾನು ಅವನಲ್ಲ ಎಂದು ತಾನೇ ಮುಂದಾಗಿ ತಿಳಿಸಿದರೆ ವಿಷಯ ಮುಗಿಯುತ್ತದೆ ಎಂಬುದು ಅವನ ಎಣಿಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ನಮ್ಮ ಗಾದೆಯನ್ನು ಪ್ಯಾರಿಸ್ಸಿನ ಆ ಅಧಿಕಾರಿಗಳು ಕೇಳಿರಲಾರರು, ಆದರೆ ಅವರು ಯೋಚಿಸುವ ಕ್ರಮ ಅದೇ. ನಿಜವಾದ ಯಹೂದಿಯೊಬ್ಬ ತನ್ನ ಮೇಲಿನ ಅನುಮಾನವನ್ನು ಕಳೆದುಕೊಳ್ಳಲು ಹೀಗೆಯೇ ಅಲ್ಲವೇ ನಡೆದುಕೊಳ್ಳುವುದು? ಅಲ್ಲಿಂದ ಮುಂದೆ ಕ್ಲೈನ್ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಾನೆ. ವಕೀಲ ಗೆಳೆಯ ಪಿಯೇರ್‌ನ ನೆರವಿನಿಂದ ತನ್ನ ಅಜ್ಜ ಅಜ್ಜಿಯರ ದಾಖಲೆಗಳನ್ನು ಸಂಗ್ರಹಿಸುವುದು ಒಂದು, ಆ ಇನ್ನೊಬ್ಬ ಕ್ಲೈನ್‌ನನ್ನು ಹುಡುಕುವುದು ಇನ್ನೊಂದು. ಹುಡುಕಾಟ ಬಡ ಬಾಡಿಗೆ ಕೋಣೆಯೊಂದಕ್ಕೆ, ಹಳ್ಳಿಯ ಬಂಗಲೆಯೊಂದಕ್ಕೆ, ಒಂದು ಫೋಟೋಗೆ, ಒಂದು ನಾಯಿಗೆ ಅವನನ್ನು ಕರೆದೊಯ್ಯುತ್ತದೆ, ಆ ಮನುಷ್ಯನಿಗೆ ಮಾತ್ರ ಮುಖಾಮುಖಿ ಮಾಡಿಸುವುದಿಲ್ಲ. ಕೊನೆಗೆ ಜುಲೈ ತಿಂಗಳಲ್ಲಿ ಯಹೂದಿಗಳ ಸಾಮೂಹಿಕ ಬಂಧನದ ದಿನ ಅವನೂ ಕ್ರೀಡಾಂಗಣದೊಳಕ್ಕೆ ತಳ್ಳಲ್ಪಡುತ್ತಾನೆ. ಧ್ವನಿವರ್ಧಕ ಅವನ ಹೆಸರನ್ನು ಕೂಗುತ್ತದೆ, ಜನರ ನಡುವೆ ಯಾರದೋ ಕೈ ಮೇಲೇಳುತ್ತದೆ. ಅದೇ ಹೊತ್ತಿಗೆ ಪಿಯೇರ್ ದೂರದಿಂದ ದಾಖಲೆ ಸಿಕ್ಕಿತೆಂದು ಸನ್ನೆ ಮಾಡುತ್ತಿದ್ದಾನೆ. ಕ್ಲೈನ್ ಬಿಡುಗಡೆಯ ಕಡೆ ಬರದೆ ಆ ಕೈಯ ಹಿಂದೆ ಹೋಗಿ ರೈಲಿನ ಡಬ್ಬಿಯೊಳಗೆ ಸೇರಿಬಿಡುತ್ತಾನೆ.

ಈ ಪ್ರಕರಣದ ಬಗ್ಗೆ ನಾನು ಕೇಳಿದ ಅಭಿಪ್ರಾಯಗಳಲ್ಲಿ ಒಂದು ಬಗೆಯದನ್ನು ಬೇಗ ಮುಗಿಸಬಹುದು. ಇದು ಪತ್ತೇದಾರಿ ಕಥೆಯಂತೆ ಶುರುವಾಗಿ ಉತ್ತರ ಕೊಡದೆ ಮುಗಿಯುತ್ತದೆ, ಆ ಇನ್ನೊಬ್ಬ ಯಾರೆಂದು ತೋರಿಸದಿರುವುದು ನೋಡುಗರಿಗೆ ಮಾಡಿದ ಮೋಸ ಎನ್ನುವ ಅಭಿಪ್ರಾಯ ಅದು. ಸುಳಿವುಗಳನ್ನು ಜೋಡಿಸಿದರೆ ಸಾಕಷ್ಟು ಸ್ಪಷ್ಟವಾದ ಚಿತ್ರವೇ ಸಿಗುತ್ತದೆ: ಅವನು ತಲೆಮರೆಸಿಕೊಂಡು ಏನೋ ಕೆಲಸ ಮಾಡುತ್ತಿರುವವನು, ಪೊಲೀಸರ ಕಣ್ಣು ತನ್ನ ಹೆಸರಿನ ಮತ್ತೊಬ್ಬನ ಮೇಲೆ ಬೀಳಲಿ ಎಂದೇ ಚಂದಾ ವಿಳಾಸವನ್ನು ಬದಲಿಸಿದವನು. ಕ್ಲೈನ್ ಅವನ ಜೊತೆ ಫೋನಿನಲ್ಲಿ ಮಾತಾಡುತ್ತಾನೆ, ಪೊಲೀಸರು ಅವನನ್ನು ಹಿಡಿದು ಒಯ್ಯುವುದನ್ನು ದೂರದಿಂದ ನೋಡುತ್ತಾನೆ ಕೂಡ. ಹೀಗಾಗಿ ಅವನು ಇದ್ದಾನೋ ಇಲ್ಲವೋ ಎಂಬ ಚರ್ಚೆಗೆ ಚಿತ್ರದೊಳಗೆ ಹೆಚ್ಚು ಆಧಾರವಿಲ್ಲ. ಮುಖವನ್ನು ಮಾತ್ರ ಬೇಕೆಂದೇ ತಡೆಹಿಡಿಯಲಾಗಿದೆ. ಆ ಮುಖ ಕಂಡಿದ್ದರೆ ನಾವು ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಹೋಲಿಕೆ ಮಾಡುತ್ತಿದ್ದೆವು, ಯಾರು ಹಿಡಿಯಲ್ಪಡಬೇಕಾದವನು ಎಂದು ನಾವೇ ತೀರ್ಮಾನ ಕೊಡುತ್ತಿದ್ದೆವು.

ಎರಡನೆಯ ಬಗೆಯ ಅಭಿಪ್ರಾಯಕ್ಕೆ ಹೆಚ್ಚು ಬಲವಿದೆ. ಮೈಸೂರಿನಲ್ಲಿ ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ ಕೆಲವರು ಸೇರಿ ಚಿತ್ರ ನೋಡಿದ ಸಂಜೆ ಹಿರಿಯರೊಬ್ಬರು ಇದನ್ನು ಬಹಳ ನೇರವಾಗಿ ಹೇಳಿದರು: ‘ಮಾಡಿದ್ದುಣ್ಣೋ ಮಹಾರಾಯ, ಅಷ್ಟೇ.’ ಬೇರೆಯವರ ಕಷ್ಟಕಾಲದಲ್ಲಿ ದುಡ್ಡು ಮಾಡಿದವನಿಗೆ ಅದೇ ಕಷ್ಟ ಬಂತು ಎಂಬ ಈ ಓದಿಗೆ ಚಿತ್ರವೇ ಇಂಬು ಕೊಡುತ್ತದೆ. ಹರಾಜಿನ ಕೋಣೆಯಲ್ಲಿ ಕ್ಲೈನ್‌ನ ಕಣ್ಣ ಮುಂದೆ ಮಾರಾಟಕ್ಕೆ ಬರುವ ಹಳೆಯ ನೇಯ್ಗೆಯ ಚಿತ್ರಪಟದಲ್ಲಿ ಎದೆಗೆ ಬಾಣ ಚುಚ್ಚಿಕೊಂಡೂ ಹಾರುತ್ತಲೇ ಇರುವ ರಣಹದ್ದು ಇದೆ. ಮುಂದೆ ಪೊಲೀಸರು ಅವನ ಮನೆಗೇ ಬಂದು ಸಾಮಾನುಗಳ ಪಟ್ಟಿ ಮಾಡುವಾಗ ಕೊಳ್ಳುವವನ ಜಾಗದಿಂದ ಅವನು ಮಾರುವವನ ಜಾಗಕ್ಕೆ ಸರಿದಿರುತ್ತಾನೆ. ಚಿತ್ರದ ಕೊನೆಯಲ್ಲಿ ರೈಲು ಹೊರಟಾಗ ಹಿನ್ನೆಲೆಯಲ್ಲಿ ನಮಗೆ ಕೇಳಿಸುವುದು ಕಥೆಯ ಆರಂಭದ ಆ ಚೌಕಾಸಿಯ ಮಾತುಗಳೇ.

ಆದರೂ ಇದನ್ನು ಕರ್ಮಫಲದ ಕಥೆಯೆಂದು ಮುಗಿಸಿದರೆ ಒಂದು ದೊಡ್ಡ ತೊಡಕು ಉಳಿಯುತ್ತದೆ, ಅದನ್ನು ಆ ಸಂಜೆಯೇ ಶಾಲಾ ಶಿಕ್ಷಕಿಯೊಬ್ಬರು ಎತ್ತಿದರು. ‘ಹಾಗಾದರೆ ಅವನ ಪಕ್ಕದಲ್ಲಿ ನಿಂತಿದ್ದ ಮಕ್ಕಳು ಏನು ಮಾಡಿದ್ದರು ಸರ್?’ ಎಂದು ಅವರು ಕೇಳಿದಾಗ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲವಮ್ಮ’ ಎಂದರು. ಆ ಪ್ರಾಮಾಣಿಕ ಉತ್ತರವನ್ನು ನಾನು ಗೌರವದಿಂದ ನೆನೆಯುತ್ತೇನೆ, ಏಕೆಂದರೆ ನಾವು ಯಾರೂ ಅವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಲೆಕ್ಕ ಇತಿಹಾಸದಲ್ಲಿದೆ. 1942ರ ಜುಲೈ 16 ಮತ್ತು 17ರಂದು ಪ್ಯಾರಿಸ್ ಮತ್ತು ಅದರ ಹೊರವಲಯಗಳಲ್ಲಿ ಬಂಧಿಸಲಾದ ಯಹೂದಿಗಳ ಸಂಖ್ಯೆ 13,152, ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಮಕ್ಕಳು. ಮಕ್ಕಳಿದ್ದ ಕುಟುಂಬಗಳನ್ನು ‘ವೆಲ್ ದಿವ್’ ಎಂದು ಜನ ಕರೆಯುತ್ತಿದ್ದ, ಸೈಕಲ್ ಪಂದ್ಯಗಳಿಗಾಗಿ ಕಟ್ಟಿದ್ದ ಒಳಾಂಗಣ ಕ್ರೀಡಾಂಗಣದಲ್ಲಿ ಬೇಸಗೆಯ ಸೆಕೆಯಲ್ಲಿ ದಿನಗಟ್ಟಲೆ ಕೂಡಿಹಾಕಿ, ಅಲ್ಲಿಂದ ಶಿಬಿರಗಳಿಗೆ, ಶಿಬಿರಗಳಿಂದ ನಾಜಿಗಳ ಹತ್ಯಾ ಶಿಬಿರವಾದ ಔಶ್ವಿಟ್ಸ್‌ಗೆ ಕಳಿಸಲಾಯಿತು. ಚಿತ್ರ ಈ ಹಂತಗಳನ್ನು ಒತ್ತಿ ಒಂದಾಗಿಸಿ, ಕ್ರೀಡಾಂಗಣದಿಂದ ನೇರವಾಗಿ ರೈಲಿಗೆ ಹೋಗುವಂತೆ ತೋರಿಸುತ್ತದೆ. ಬಂಧನ ಮಾಡಿದವರು ಫ್ರೆಂಚ್ ಪೊಲೀಸರು. ಚಿತ್ರದ ನಡುನಡುವೆ ಕ್ಲೈನ್‌ನ ಕಥೆಗೆ ಸಂಬಂಧವೇ ಇಲ್ಲವೆಂಬಂತೆ ಬಂದುಹೋಗುವ ಚಿಕ್ಕ ದೃಶ್ಯಗಳಿವೆ: ಫ್ರೆಂಚ್ ಸಮವಸ್ತ್ರದವರು ನಕ್ಷೆಗಳನ್ನು ಹರಡುತ್ತಾರೆ, ಚೀಟಿಗಳನ್ನು ವಿಂಗಡಿಸುತ್ತಾರೆ, ಕಾರುಗಳು ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತಿಗೆ ತಲುಪುತ್ತವೆಂದು ತಾಲೀಮು ನಡೆಸುತ್ತಾರೆ. ಮೊದಲ ಸಲ ನೋಡಿದಾಗ ಇವು ಕಥೆಯ ಓಟಕ್ಕೆ ಅಡ್ಡಿ ಎನಿಸಿದ್ದವು. ನಾಯಕನ ಹಿಂದೆ ಹೋಗುವ ಆತುರದಲ್ಲಿ ಅವನ ಸುತ್ತ ಹೆಣೆಯಲಾಗುತ್ತಿದ್ದ ಬಲೆಯನ್ನು ನಾವು ಬೇಜಾರಿನಿಂದ ದಾಟಿಸಿದ್ದೆವು.

ಫ್ರಾನ್ಸಿನ ಮೊದಲ ನೋಡುಗರಿಗೆ ಇದು ಇನ್ನೂ ಕಷ್ಟವಾಗಿದ್ದಿರಬೇಕು. ಈ ಬಂಧನಗಳಲ್ಲಿ ಫ್ರೆಂಚ್ ಸರ್ಕಾರದ ಹೊಣೆಯಿದೆಯೆಂದು ಅಲ್ಲಿನ ಅಧ್ಯಕ್ಷರೊಬ್ಬರು, ಜಾಕ್ ಶಿರಾಕ್, ಬಹಿರಂಗವಾಗಿ ಒಪ್ಪಿಕೊಂಡದ್ದು 1995ರ ಜುಲೈನಲ್ಲಿ, ಎಂದರೆ ಚಿತ್ರ ಬಂದು ಹತ್ತೊಂಬತ್ತು ವರ್ಷಗಳ ಮೇಲೆ. 1976ರ ಕಾನ್ ಚಲನಚಿತ್ರೋತ್ಸವದ ಸ್ಪರ್ಧೆಯಲ್ಲಿ ಚಿತ್ರಕ್ಕೆ ಮುಖ್ಯ ಪ್ರಶಸ್ತಿ ಬರಲಿಲ್ಲ. ಮರುವರ್ಷ ಫ್ರಾನ್ಸಿನ ಸೆಸಾರ್ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶಕ ಎರಡೂ ಅದಕ್ಕೇ ಸಂದವು. ಚಿತ್ರಕ್ಕೆ ತಮ್ಮ ಹಣವನ್ನೂ ಹಾಕಿ, ಕ್ಲೈನ್ ಪಾತ್ರವನ್ನೂ ಮಾಡಿದ ಆಲೆಂ ದೆಲೋನ್ ಅವರ ಬೇರೆ ಚಿತ್ರಗಳಿಗೆ ಸಿಗುತ್ತಿದ್ದ ಜನಸಂದಣಿ ಮಾತ್ರ ಇದಕ್ಕೆ ಸಿಗಲಿಲ್ಲ. ಲೋಸಿ ಅವರೋ ಅಮೆರಿಕದವರು, ಕಮ್ಯುನಿಸ್ಟರ ಬೇಟೆಯ ಕಾಲದಲ್ಲಿ ಕಪ್ಪುಪಟ್ಟಿಗೆ ಸೇರಿ, 1950ರ ದಶಕದ ಮೊದಲ ವರ್ಷಗಳಲ್ಲಿ ಊರು ಬಿಟ್ಟು ಇಂಗ್ಲೆಂಡಿಗೆ ಬಂದವರು. ಪಟ್ಟಿಯೊಂದರಲ್ಲಿ ಹೆಸರು ಬಿದ್ದ ಮೇಲೆ ಮನುಷ್ಯನ ಸುತ್ತಲಿನ ಗಾಳಿ ಹೇಗೆ ಬದಲಾಗುತ್ತದೆ ಎಂಬುದು ಅವರಿಗೆ ಬಾಳಿ ಗೊತ್ತಿತ್ತು.

ಪಟ್ಟಿಯ ಮಾತು ಬಂದಾಗ ಆ ಸಂಜೆ ಇನ್ನೊಬ್ಬರು ಹೇಳಿದ್ದನ್ನು ದಾಖಲಿಸಲೇಬೇಕು. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಮೇಲ್ವಿಚಾರಕರಾಗಿ ನಿವೃತ್ತರಾದವರು, ಕಲಾತ್ಮಕ ಚಿತ್ರಗಳ ಬಗ್ಗೆ ಮಾತಾಡಲು ತಮಗೆ ಅರ್ಹತೆಯಿಲ್ಲವೆಂದು ಹಿಂಜರಿಯುತ್ತಿದ್ದವರು. ‘ಅವನು ಪ್ರಿಫೆಕ್ಚರ್‌ಗೆ ಹೋಗಬಾರದಿತ್ತು. ದೂರು ಕೊಟ್ಟರೆ ಅದಕ್ಕೊಂದು ನಂಬರು ಬೀಳುತ್ತದೆ, ನಂಬರು ಬಿದ್ದರೆ ಕಡತ ತೆರೆಯುತ್ತದೆ, ತೆರೆದ ಕಡತವನ್ನು ಮುಚ್ಚಬೇಕಾದರೆ ಯಾರಾದರೂ ಏನಾದರೊಂದು ಷರಾ ಬರೆದು ಸಹಿ ಹಾಕಬೇಕು. ಇವನು ಯಹೂದಿ ಅಲ್ಲ ಎಂದು ಬರೆದು ಸಹಿ ಹಾಕುವ ಧೈರ್ಯ ಆ ಕಾಲದಲ್ಲಿ ಯಾವ ಗುಮಾಸ್ತನಿಗೆ ಇರುತ್ತದೆ? ವಿಚಾರಣೆ ಮುಂದುವರಿದಿದೆ ಎಂದು ಬರೆಯುವುದು ಅವನಿಗೆ ಕ್ಷೇಮ’ ಎಂದು ಅವರು ನಿಧಾನವಾಗಿ ವಿವರಿಸಿದರು. ಈ ಚಿತ್ರದ ಬಗ್ಗೆ ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಾನು ಕೇಳಿಲ್ಲ. ಕ್ಲೈನ್‌ನ ಮೇಲೆ ಯಾರಿಗೂ ದ್ವೇಷವಿಲ್ಲ, ಅವನ ಜೊತೆ ಮಾತಾಡುವ ಅಧಿಕಾರಿಗಳೆಲ್ಲ ಸೌಜನ್ಯದವರು. ಕಡತ ಮಾತ್ರ ಮುಂದಕ್ಕೆ ಹೋಗುತ್ತಿರುತ್ತದೆ.

ಚರಿತ್ರೆಯಲ್ಲಿಯೂ ಕೆಲಸ ನಡೆದದ್ದು ಹೀಗೆಯೇ. 1940ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಪ್ರದೇಶದ ಯಹೂದಿಗಳೆಲ್ಲ ಪೊಲೀಸ್ ಠಾಣೆಗಳಿಗೆ ಹೋಗಿ ನೋಂದಾಯಿಸಿಕೊಳ್ಳಬೇಕೆಂಬ ಆಜ್ಞೆ ಹೊರಟಾಗ ಸುಮಾರು ಒಂದೂವರೆ ಲಕ್ಷ ಜನ, ಕಾನೂನನ್ನು ಪಾಲಿಸುವುದು ನಾಗರಿಕರ ಧರ್ಮವೆಂದು ನಂಬಿ, ತಾವೇ ಹೋಗಿ ಹೆಸರು ಬರೆಸಿದರು. ಆ ಮಾಹಿತಿಯನ್ನು ಪ್ರಿಫೆಕ್ಚರ್‌ನ ಅಧಿಕಾರಿ ಆಂದ್ರೆ ತ್ಯುಲಾರ್‌ನ ಮೇಲ್ವಿಚಾರಣೆಯಲ್ಲಿ ಅಕಾರಾದಿಯಾಗಿ, ಬೀದಿವಾರಾಗಿ, ವೃತ್ತಿವಾರಾಗಿ, ರಾಷ್ಟ್ರೀಯತೆವಾರಾಗಿ ಚೀಟಿಗಳಲ್ಲಿ ಜೋಡಿಸಲಾಯಿತು. ಎರಡು ವರ್ಷ ತುಂಬುವ ಮೊದಲೇ ಬಾಗಿಲು ತಟ್ಟಿದವರ ಕೈಯಲ್ಲಿದ್ದದ್ದು ಆ ಚೀಟಿಗಳೇ. ಯಾರು ಯಹೂದಿ ಎಂಬುದಕ್ಕೆ, ಜರ್ಮನ್ನರೊಡನೆ ಸಹಕರಿಸುತ್ತಿದ್ದ ಫ್ರಾನ್ಸಿನ ವಿಶಿ ಸರ್ಕಾರದ 1941ರ ಜೂನ್ 2ರ ಕಾನೂನು ಅಜ್ಜ ಅಜ್ಜಿಯರನ್ನು ಎಣಿಸುವ ಸೂತ್ರ ಹಾಕಿತ್ತು: ನಾಲ್ವರಲ್ಲಿ ಮೂವರು ಯಹೂದಿಗಳಾಗಿದ್ದರೆ ಸಾಕು, ಗಂಡ ಅಥವಾ ಹೆಂಡತಿಯೂ ಅದೇ ಗುಂಪಿನವರಾದರೆ ಇಬ್ಬರೇ ಸಾಕು. ಕ್ಲೈನ್ ತನ್ನ ತಂದೆಯನ್ನು ವಿಚಾರಿಸುವಾಗ ಆ ಮುದುಕ, ನಮ್ಮದು ಹದಿನಾಲ್ಕನೆಯ ಲೂಯಿಯ ಕಾಲದಿಂದ ಕ್ಯಾಥೊಲಿಕ್ ಮನೆತನ ಎಂದು ಸಿಡಿಮಿಡಿಗೊಳ್ಳುತ್ತಾನೆ. ಕಡತಕ್ಕೆ ಆ ಸಿಟ್ಟಿನಿಂದ ಪ್ರಯೋಜನವಿಲ್ಲ. ಅದಕ್ಕೆ ಬೇಕಾದದ್ದು ಅಲ್ಜೀರಿಯಾದಲ್ಲಿ ಹುಟ್ಟಿದ ಅಜ್ಜಿಯ ಪ್ರಮಾಣಪತ್ರ, ಅದು ಸಮುದ್ರ ದಾಟಿ ಬರಬೇಕು.

ಈಗ ಮೊದಲಿನ ಮಾತಿಗೆ ಹಿಂದಿರುಗುತ್ತೇನೆ. ‘ತಪ್ಪು ಮನುಷ್ಯ ಸಿಕ್ಕಿಹಾಕಿಕೊಂಡ’ ಎಂದರೆ ಸರಿಯಾದ ಮನುಷ್ಯನೊಬ್ಬ ಇದ್ದ, ಅವನನ್ನು ಹಿಡಿದಿದ್ದರೆ ನಮಗೆ ಇಷ್ಟು ಸಂಕಟವಾಗುತ್ತಿರಲಿಲ್ಲ ಎಂದಾಯಿತು. ಗುರುತು ತಪ್ಪುವ ಕಥೆಗಳೆಲ್ಲ ನಮ್ಮನ್ನು ಹೀಗೆಯೇ ಪಳಗಿಸಿವೆ: ಕಳ್ಳನ ಬದಲು ಸಾಧು ಸಿಕ್ಕಿಬಿದ್ದರೆ ಅನ್ಯಾಯ, ಕಳ್ಳನೇ ಸಿಕ್ಕಿದರೆ ನ್ಯಾಯ. ಈ ಪ್ರಕರಣದಲ್ಲಿ ಆ ಕಳ್ಳನ ಜಾಗದಲ್ಲಿರುವುದು ಒಂದು ಸಮುದಾಯದಲ್ಲಿ ಹುಟ್ಟಿದ ಜನ. ಕ್ಲೈನ್‌ನನ್ನು ಹಿಡಿದದ್ದು ಪೊಲೀಸರ ತಪ್ಪು ಎಂದು ನಾವು ಮರುಗುವಾಗ, ಉಳಿದ ಹದಿಮೂರು ಸಾವಿರ ಜನರ ವಿಷಯದಲ್ಲಿ ಕೆಲಸ ಸರಿಯಾಗಿ ನಡೆಯಿತೆಂದು, ನಮಗೆ ಗೊತ್ತಿಲ್ಲದೆಯೇ, ಅದೇ ಪೊಲೀಸರ ಪಟ್ಟಿಗೆ ರುಜು ಹಾಕಿರುತ್ತೇವೆ. ಇದು ನೋಡುಗರ ಮೇಲೆ ಹೊರಿಸುವ ಆರೋಪವಲ್ಲ, ಆ ಮಾತನ್ನು ಮೊದಲ ಸಲ ಆಡಿದವರಲ್ಲಿ ನಾನೂ ಒಬ್ಬ. ಕ್ಲೈನ್ ತಾನೂ ಚಿತ್ರದುದ್ದಕ್ಕೂ ಆಡುವ ಮಾತು ಅದೊಂದೇ. ನಾನು ಅವನಲ್ಲ, ನಾನು ಅವರ ಪೈಕಿ ಅಲ್ಲ ಎನ್ನುತ್ತಾನೆಯೇ ಹೊರತು ಅವರನ್ನು ಏಕೆ ಹುಡುಕುತ್ತಿದ್ದೀರಿ ಎಂದು ಒಮ್ಮೆಯೂ ಕೇಳುವುದಿಲ್ಲ. ನಾಯಕನ ಬಾಯಿಯ ಮಾತನ್ನೇ ನೋಡುಗ ತನ್ನ ಅಭಿಪ್ರಾಯವೆಂದು ಹೊತ್ತು ಹೊರಗೆ ಬರುತ್ತಾನೆ.

ಚಿತ್ರ ಶುರುವಾಗುವ ರೀತಿಯೇ ಇದಕ್ಕೆ ಎಚ್ಚರಿಕೆಯಾಗಿತ್ತು. ಕ್ಲೈನ್ ಕಾಣಿಸಿಕೊಳ್ಳುವ ಮೊದಲೇ ವೈದ್ಯಕೀಯ ಕೋಣೆಯೊಂದರಲ್ಲಿ ನಡುವಯಸ್ಸು ದಾಟಿದ ಹೆಂಗಸೊಬ್ಬಳು ಬತ್ತಲೆ ನಿಂತಿದ್ದಾಳೆ. ವೈದ್ಯ ಅವಳ ತುಟಿಯನ್ನು ಬೆರಳಿನಿಂದ ಎತ್ತಿ ಒಸಡು ನೋಡುತ್ತಾನೆ, ಮೂಗು ದವಡೆಗಳನ್ನು ಅಳೆಯುತ್ತಾನೆ, ನಡೆಸಿ ನೋಡುತ್ತಾನೆ, ಕಂಡದ್ದನ್ನು ಒಂದೇ ದನಿಯಲ್ಲಿ ಹೇಳಿ ಬರೆಸುತ್ತಾನೆ. ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸುವ ದಲ್ಲಾಳಿಯ ಕೈ ನೆನಪಾಗುತ್ತದೆ, ಆದರೆ ದಲ್ಲಾಳಿಗೆ ಎತ್ತಿನ ಮೇಲೆ ಒಂದಿಷ್ಟಾದರೂ ಅಕ್ಕರೆಯಿರುತ್ತದೆ. ಪರೀಕ್ಷೆ ಮುಗಿದ ಮೇಲೆ ಶುಲ್ಕವನ್ನು ಅವಳೇ ಕೊಡಬೇಕು. ಇದು ಕಲ್ಪನೆಯ ದೃಶ್ಯವಾದರೂ ಕಾಲ್ಪನಿಕ ಪದ್ಧತಿಯಲ್ಲ, ಜಾರ್ಜ್ ಮೊಂತಾಂದೋಂ ಎಂಬ ಮಾನವಶಾಸ್ತ್ರಜ್ಞ ಇಂಥ ಪರೀಕ್ಷೆಗಳನ್ನು ನಡೆಸಿ ಜನಾಂಗದ ಪ್ರಮಾಣಪತ್ರ ಕೊಡುತ್ತಿದ್ದ. ಹೊರಗೆ ಬಂದು ಗಂಡನನ್ನು ಸೇರಿದ ಆ ಹೆಂಗಸು ಒಳಗೆ ಏನು ನಡೆಯಿತೆಂಬುದನ್ನು ಅವನಿಗೆ ಹೇಳಿಕೊಳ್ಳುವುದಿಲ್ಲ. ಆಮೇಲೆ ಕಥೆ ಅವಳನ್ನು ಬಿಟ್ಟು ಕ್ಲೈನ್‌ನ ಮನೆಗೆ ಹೋಗುತ್ತದೆ. ಚರ್ಚೆಯ ವೇಳೆ ಈ ದೃಶ್ಯ ಏಕಿದೆ, ಕಥೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದವರು ಪ್ರತಿ ಸಲ ಇದ್ದರು. ಅವಳನ್ನು ಯಾರೆಂದೂ ಯಾರೂ ತಪ್ಪು ತಿಳಿದಿಲ್ಲ, ಅವಳ ವಿಷಯದಲ್ಲಿ ಹೆಸರಿನ ಗೊಂದಲವಿಲ್ಲ, ಆದ್ದರಿಂದ ಅವಳು ನಮಗೆ ಕಥೆಯಾಗಿ ಕಾಣಿಸಲಿಲ್ಲ.

ಕ್ಲೈನ್ ಏಕೆ ರೈಲು ಹತ್ತಿದ ಎಂಬ ಪ್ರಶ್ನೆಗೆ ನೋಡುಗರು ಕೊಡುವ ಉತ್ತರಗಳು ಹಲವು: ಹುಚ್ಚು, ಹಟ, ಪಶ್ಚಾತ್ತಾಪ, ಜನರ ನೂಕುನುಗ್ಗಲು. ಪಶ್ಚಾತ್ತಾಪವೆಂಬುದನ್ನು ನಾನು ಒಪ್ಪುವುದಿಲ್ಲ. ದೆಲೋನ್ ಅವರ ಮುಖದಲ್ಲಿ ಕೊನೆಯವರೆಗೂ ಅದರ ಲಕ್ಷಣವಿಲ್ಲ. ಅವರ ಅಭಿನಯ ತಣ್ಣಗಿದೆ ಎಂದು ದೂರುವವರಿದ್ದಾರೆ, ಆ ತಣ್ಣಗಿನ ಮುಖವೇ ಈ ಪಾತ್ರಕ್ಕೆ ಬೇಕಾದದ್ದು ಎಂಬುದು ನನ್ನ ಅಭಿಪ್ರಾಯ. ಹೋಟೆಲಿನಲ್ಲಿ ತನ್ನ ಹೆಸರು ಕೂಗಿದ್ದನ್ನು ಕೇಳಿ ಎದ್ದುಹೋದ ಕ್ಲೈನ್‌ಗೆ ಸಿಗುವುದು ಕನ್ನಡಿಯಲ್ಲಿ ತನ್ನದೇ ಮುಖ. ಸುಳ್ಳು ಕಾಗದಪತ್ರಗಳನ್ನು ಜೇಬಿನಲ್ಲಿಟ್ಟುಕೊಂಡು ಪಾರಾಗಲು ದಕ್ಷಿಣದ ರೈಲು ಹತ್ತಿದಾಗಲೂ, ಆ ಇನ್ನೊಬ್ಬನ ಫೋಟೋದಲ್ಲಿ ಕಂಡಿದ್ದ ಹುಡುಗಿಯನ್ನು ಅದೇ ಡಬ್ಬಿಯಲ್ಲಿ ಗುರುತಿಸಿದ್ದೇ ತಡ, ಅವನು ಪ್ಯಾರಿಸ್ಸಿಗೆ ಹಿಂದಿರುಗುತ್ತಾನೆ. ಬೀಸುವ ದೊಣ್ಣೆ ತಪ್ಪಿತೆಂದು ಉಸಿರು ಬಿಡಬೇಕಾದವನು ದೊಣ್ಣೆ ಇರುವ ಕಡೆಗೇ ನಡೆಯುತ್ತಾನೆ. ಆ ಇನ್ನೊಬ್ಬನಿಗೆ ಗೆಳೆಯರಿದ್ದಾರೆ, ಪ್ರೀತಿಸುವ ಹೆಂಗಸರಿದ್ದಾರೆ, ಬಚ್ಚಿಡಬೇಕಾದ ಗುಟ್ಟುಗಳಿವೆ, ಹಿಂಬಾಲಿಸುವ ನಾಯಿ ಕೂಡ ಇದೆ. ಕ್ಲೈನ್‌ಗೆ ಇದ್ದದ್ದು ಸಾಮಾನುಗಳು. ಯಾವನು ನಾನಲ್ಲವೆಂದು ಸಾಬೀತುಪಡಿಸಲು ಹೊರಟಿದ್ದನೋ ಅವನ ಬದುಕಿನ ಮೇಲೆ ಆಸೆ ಹುಟ್ಟಿಬಿಟ್ಟಿತು. ತಾನು ಯಾರೆಂದು ಜೀವಮಾನದಲ್ಲಿ ಒಮ್ಮೆಯೂ ಕೇಳಿಕೊಳ್ಳಬೇಕಾಗಿ ಬಂದಿರದ ಮನುಷ್ಯನಿಗೆ ಆ ಪ್ರಶ್ನೆಯನ್ನು ಮೊದಲ ಬಾರಿಗೆ ಕೇಳಿದ್ದು ಒಂದು ಪೊಲೀಸ್ ಕಚೇರಿ, ಅವನ ಬಳಿ ಕೊಡಲು ಉತ್ತರವಿರಲಿಲ್ಲ.

ಮೈಸೂರಿನ ಆ ಸಂಜೆ ಚರ್ಚೆ ಮುಗಿಯುವ ಹೊತ್ತಿಗೆ ಶಿಕ್ಷಕಿಯವರು ಕೊನೆಯ ದೃಶ್ಯವನ್ನು ಇನ್ನೊಮ್ಮೆ ಹಾಕಲು ಕೇಳಿಕೊಂಡರು. ರೈಲಿನ ಡಬ್ಬಿಯ ಬಾಗಿಲು ಮುಚ್ಚುವಾಗ ಕ್ಲೈನ್‌ನ ಹೆಗಲ ಹಿಂದೆ ಒಬ್ಬ ನಿಂತಿದ್ದಾನೆ, ಅವನ ಮುಖ ಬೇಕಾದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಅದು ಕಥೆಯ ಆರಂಭದಲ್ಲಿ ಫಾನ್ ಓಸ್ಟಾಡೆಯ ಚಿತ್ರವನ್ನು ಅರ್ಧ ಬೆಲೆಗೆ ಕೊಟ್ಟು ಹೋದವನೇ. ಅವನ ದನಿಯನ್ನು ಆ ಕ್ಷಣದಲ್ಲಿ ಕೇಳುತ್ತಿದ್ದರೂ ಮೊದಲ ಸಲ ನಮ್ಮಲ್ಲಿ ಹೆಚ್ಚಿನವರು ಅವನನ್ನು ಗಮನಿಸಿರಲಿಲ್ಲ, ಎಲ್ಲರ ಕಣ್ಣೂ ಕ್ಲೈನ್‌ನ ಮೇಲಿತ್ತು. ಅವನ ಹೆಸರೇನು ಎಂದು ಯಾರೋ ಕೇಳಿದರು. ಚಿತ್ರದ ಮೊದಲಿನಿಂದ ನೆನಪು ಮಾಡಿಕೊಂಡೆವು, ಸಿಗಲಿಲ್ಲ, ಕ್ಲೈನ್ ಅವನ ಹೆಸರನ್ನು ಕೇಳಿರಲೇ ಇಲ್ಲ. ಪಾತ್ರಗಳ ಪಟ್ಟಿಯನ್ನು ತೆಗೆದು ನೋಡಿದಾಗ, ನಟ ಜಾಂ ಬುಯೀಸ್ ಅವರ ಹೆಸರಿನ ಎದುರಿಗೆ ‘ಮಾರುವವನು’ ಎಂದಷ್ಟೇ ಇತ್ತು.